‘ಗೋಲಿಬಾರ್ ಆತು’: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ. ನಾನು ನವಲಗುಂದ ತಾಲೂಕಿನವನು, ಧಾರವಾಡದ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ನಾನು ಹುಟ್ಟಿದ್ದು ಯಾವಾಗ ಅಂತ ಕೇಳಿದಾಗಲೆಲ್ಲ ನಮ್ಮಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: “ಗೋಲಿಬಾರ್ ಆದ ವರ್ಷ, ಸೀಗಿ ಹುಣ್ಣಿವಿಗೆ ನಾಕು ದಿನ ಇತ್ತು.” ನಮ್ಮ ಕಡೆ ಬರ ಬಿದ್ದ ವರ್ಷ, ಹಳ್ಳ ಬಂದ ವರ್ಷ ಇದ್ದ ಹಾಗೆಯೇ ಗೋಲಿಬಾರ್ ಆದ ವರ್ಷವೂ ಒಂದಿದೆ. ಅದು 1980.

ಆ ಮಾತಿನ ವ್ಯಾಕರಣ ನನಗೆ ತಟ್ಟಿದ್ದು ಬಹಳ ತಡವಾಗಿ, ಕಾನೂನು ಓದಿದ ಮೇಲೆ. ಮಳೆ ಆತು, ಬೆಳೆ ಆತು, ಗೋಲಿಬಾರ್ ಆತು. ಬಂದೂಕು ಎತ್ತಿದವರಿಲ್ಲ, ಎತ್ತಲು ಹೇಳಿದವರೂ ಇಲ್ಲ. ಸರ್ಕಾರದ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ: “ಪರಿಸ್ಥಿತಿ ಕೈಮೀರಿದ್ದರಿಂದ ಗುಂಪನ್ನು ಚದುರಿಸಲು ಅನಿವಾರ್ಯವಾಗಿ ಗುಂಡು ಹಾರಿಸಬೇಕಾಯಿತು.” ಇದನ್ನು ನಾನು ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ, ಹೊಸ ಪತ್ರಿಕೆಗಳಲ್ಲೂ ಓದಿದ್ದೇನೆ. ಪಕ್ಷ ಬದಲಾದರೂ ವಾಕ್ಯ ಬದಲಾಗಿಲ್ಲ. ಈ ಪತ್ರ ಆ ಒಂದು ವಾಕ್ಯದ ಬಗ್ಗೆ.

ಮೊದಲು ನರಗುಂದ. ಮಲಪ್ರಭೆಯ ನೀರು ಇನ್ನೂ ಎಷ್ಟೋ ಹೊಲ ಮುಟ್ಟಿರಲಿಲ್ಲ, ಬೆಟರ್‌ಮೆಂಟ್ ಲೆವಿಯ ನೋಟಿಸು ಮಾತ್ರ ಮನೆ ಮುಟ್ಟಿತ್ತು. ನೀರಾವರಿಯಿಂದ ನಿಮ್ಮ ಜಮೀನಿನ ಬೆಲೆ ಏರಿದೆ, ಆದ್ದರಿಂದ ಕರ ಕಟ್ಟಿ ಎಂಬುದು ಅದರ ಸಾರ. 1980ರ ಜುಲೈ 21ರಂದು ನರಗುಂದದಲ್ಲೂ ನವಲಗುಂದದಲ್ಲೂ ರೈತರು ಬೀದಿಗಿಳಿದರು, ಪೊಲೀಸರ ಗುಂಡಿಗೆ ಸತ್ತರು. ಅದೇ ದಿನ ನರಗುಂದದಲ್ಲಿ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಇದನ್ನು ಬಿಟ್ಟು ಕಥೆ ಹೇಳುವ ಚಾಳಿ ನಮ್ಮ ಕಡೆಯ ಭಾಷಣಕಾರರಿಗೆ ಇದೆ. ನಾನು ಬಿಡುವುದಿಲ್ಲ, ಯಾಕೆಂದರೆ ಮುಂದೆ ಹೇಳುವುದಕ್ಕೆ ಅದೂ ಬೇಕು.

ಈಗ ಇನ್ನೊಂದು ತಾರೀಖು. 1979ರ ಏಪ್ರಿಲ್ 10. ಅಂದು ಭಾರತ ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ಯಾರ ಜೀವವನ್ನೂ ಮನಬಂದಂತೆ ತೆಗೆಯುವಂತಿಲ್ಲ ಎನ್ನುತ್ತದೆ ಅದರ 6ನೇ ವಿಧಿ. ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಕೊಡುತ್ತದೆ 21ನೇ ವಿಧಿ. ದೆಹಲಿ ಈ ಮಾತು ಕೊಟ್ಟು ಹದಿನೈದು ತಿಂಗಳಿಗೆ ನರಗುಂದವಾಯಿತು. ಆ ಮಾತು ನರಗುಂದದ ಠಾಣೆಯವರೆಗೆ ಬಂದಿರಲಿಲ್ಲ ಎಂದರೆ ನಂಬಬಹುದು. ನಲವತ್ತೈದು ವರ್ಷ ಕಳೆದ ಮೇಲೂ ಬಂದಿಲ್ಲ ಎಂದರೆ ಅದನ್ನು ತಡೆದು ನಿಲ್ಲಿಸಿದ್ದು ದೂರವಂತೂ ಅಲ್ಲ.

1990ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಕ್ಯೂಬಾದ ಹವಾನಾದಲ್ಲಿ ವಿಶ್ವಸಂಸ್ಥೆಯ ಒಂದು ಸಮ್ಮೇಳನ ನಡೆಯಿತು. ಪೊಲೀಸರು ಬಲವನ್ನೂ ಬಂದೂಕನ್ನೂ ಯಾವಾಗ ಬಳಸಬಹುದು ಎಂಬ ಬಗ್ಗೆ ಅದು ಮೂಲತತ್ವಗಳನ್ನು ಒಪ್ಪಿತು. ಅದರ 9ನೇ ತತ್ವ, ತಿರುಳು ಇಷ್ಟು: ಯಾರದ್ದೋ ಪ್ರಾಣ ಹೋಗುವ ಅಥವಾ ಯಾರಿಗೋ ಗಂಭೀರ ಗಾಯವಾಗುವ ಅಪಾಯ ಈ ಕ್ಷಣದಲ್ಲಿ ಎದುರಾಗಿದ್ದು, ಬೇರೆ ದಾರಿ ಸಾಲದಾದಾಗ ಮಾತ್ರ ಬಂದೂಕು. ಸಾಯಿಸುವ ಉದ್ದೇಶದ ಗುಂಡು, ಜೀವ ಉಳಿಸಲು ಮತ್ಯಾವ ದಾರಿಯೂ ಇಲ್ಲದಾಗ ಮಾತ್ರ. 14ನೇ ತತ್ವ ಹಿಂಸೆಗಿಳಿದ ಗುಂಪಿನ ಬಗ್ಗೆ ಮಾತಾಡುತ್ತದೆ, ಅಲ್ಲೂ ಗುಂಡಿಗೆ 9ನೇ ತತ್ವದ ಷರತ್ತೇ. 2020ರ ಜುಲೈನಲ್ಲಿ, ಒಡಂಬಡಿಕೆಯ ಉಸ್ತುವಾರಿ ನೋಡುವ ಮಾನವ ಹಕ್ಕುಗಳ ಸಮಿತಿ ತನ್ನ 37ನೇ ಸಾಮಾನ್ಯ ವ್ಯಾಖ್ಯಾನದಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಬರಿಯ ಗುಂಪು ಚದುರಿಸಲಿಕ್ಕೆ ಬಂದೂಕು ಬಳಸುವಂತೆಯೇ ಇಲ್ಲ.

ಈಗ ನಿಮ್ಮ ಇಲಾಖೆಯ ವಾಕ್ಯವನ್ನು ಮತ್ತೊಮ್ಮೆ ಓದಿ. “ಗುಂಪನ್ನು ಚದುರಿಸಲು ಗುಂಡು ಹಾರಿಸಬೇಕಾಯಿತು.” ನಮ್ಮ ಪತ್ರಿಕಾ ಪ್ರಕಟಣೆ ಸಮರ್ಥನೆ ಎಂದುಕೊಂಡು ಬರೆಯುವ ಮಾತು, ಅಂತರರಾಷ್ಟ್ರೀಯ ಕಾನೂನಿನ ಕಟಕಟೆಯಲ್ಲಿ ತಪ್ಪೊಪ್ಪಿಗೆ. ಯಾರ ಜೀವ ಉಳಿಸಲು ಎಂಬುದೇ ಅದರಲ್ಲಿ ಇಲ್ಲ. ಗುಂಪಿಗೆ ಪ್ರತಿಯಾಗಿ ಗೋಲಿಬಾರ್ ಅನ್ನುವುದು ನಮ್ಮ ಲೆಕ್ಕ. ಹವಾನಾದ ಲೆಕ್ಕದಲ್ಲಿ ಗುಂಪೂ ಇಲ್ಲ, ಗೋಲಿಬಾರೂ ಇಲ್ಲ. ಒಂದು ಗುಂಡು, ಅದನ್ನು ಹಾರಿಸಿದ ಒಬ್ಬ ಪೇದೆ, ಅದು ತಾಗಿದ ಒಬ್ಬ ಮನುಷ್ಯ, ಆ ಮನುಷ್ಯ ಆ ಕ್ಷಣ ಏನು ಮಾಡುತ್ತಿದ್ದ ಎಂಬ ಪ್ರಶ್ನೆ. ಹತ್ತು ಗುಂಡು ಹಾರಿದ್ದರೆ ಹತ್ತು ಉತ್ತರ ಬೇಕು.

ನಡುವೆ ಒಂದು ಮಾತು. ಅಂತರರಾಷ್ಟ್ರೀಯ ಕಾನೂನು ಎಂದ ಕೂಡಲೇ ನಮ್ಮ ಬಾರ್ ರೂಮಿನಲ್ಲೂ ಕೆಲವರು ಜಿನೀವಾ ಒಪ್ಪಂದ ಅನ್ನುತ್ತಾರೆ. ಅದು ಯುದ್ಧದ ಕಾನೂನು. ಯುದ್ಧದಲ್ಲಿ ಎದುರಾಳಿ ಸೈನಿಕ ಏನೂ ಮಾಡದೆ ನಿಂತಿದ್ದರೂ, ಅವನು ಸೈನಿಕ ಎಂಬ ಕಾರಣಕ್ಕೇ ಗುಂಡು ಹೊಡೆಯಬಹುದು. ಗೊಬ್ಬರ ಕೇಳಲು ಬಂದ ರೈತ ಯಾವ ದೇಶದ ಸೈನಿಕನೂ ಅಲ್ಲ. ಅವನಿಗೆ ಅನ್ವಯವಾಗುವುದು ಮಾನವ ಹಕ್ಕುಗಳ ಕಾನೂನು, ಅದು ಯುದ್ಧದ ಕಾನೂನಿಗಿಂತ ಬಹಳ ಬಿಗಿ.

ಗೊಬ್ಬರ ಎಂದೆ. 2008ರ ಜೂನ್ 10, ಹಾವೇರಿ. ಮುಂಗಾರಿನ ಬಿತ್ತನೆಯ ಹೊತ್ತು. ಹದ ಹೋದರೆ ವರ್ಷವೇ ಹೋಯಿತು ಅನ್ನುವ ದಿನಗಳು. ಗೊಬ್ಬರಕ್ಕಾಗಿ ನಿಂತ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಸರ್ಕಾರಕ್ಕೆ ಆಗ ಎರಡು ವಾರವೂ ತುಂಬಿರಲಿಲ್ಲ. ಆಗ ವಿರೋಧ ಪಕ್ಷದಲ್ಲಿದ್ದವರು ಆ ಸಾವುಗಳನ್ನು ವರ್ಷಗಟ್ಟಲೆ ಭಾಷಣದಲ್ಲಿ ಬಳಸಿದರು. ಅಧಿಕಾರ ಬಂದಾಗ ಗುಂಡಿನ ನಿಯಮ ಬದಲಿಸುವ ಗೋಜಿಗೆ ಅವರೂ ಹೋಗಲಿಲ್ಲ.

ಹಾವೇರಿಯನ್ನು ನೆನೆದಾಗಲೆಲ್ಲ ನನಗೆ ಟರ್ಕಿಯ ಒಂದು ಮೊಕದ್ದಮೆ ನೆನಪಾಗುತ್ತದೆ. 1991ರ ಮಾರ್ಚ್‌ನಲ್ಲಿ ಶಿರ್ನಾಕ್ ಪ್ರಾಂತದ ಇದಿಲ್ ಎಂಬ ಪಟ್ಟಣದಲ್ಲಿ ಪ್ರತಿಭಟನೆ ನಡೆದಾಗ ಅಲ್ಲಿನ ಸಶಸ್ತ್ರ ಪೊಲೀಸರು ಕವಚವಾಹನದ ಮೇಲಿನ ಮೆಷಿನ್‌ಗನ್ ಬಳಸಿದರು. ಒಬ್ಬ ವಿದ್ಯಾರ್ಥಿ ಸತ್ತ. ಅವನ ತಂದೆ ಹೂಡಿದ ದಾವೆ ಗುಲೆಚ್ ವಿರುದ್ಧ ಟರ್ಕಿ ಎಂದು ಹೆಸರಾಯಿತು. 1998ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಪ್ರತಿಭಟನೆ ಶಾಂತವಾಗಿತ್ತು ಎಂದು ಅದು ಹೇಳಲಿಲ್ಲ. ಅಲ್ಲಿ ಗಲಭೆ ಆಗಿತ್ತು ಎಂದು ಒಪ್ಪಿಕೊಂಡೇ ಕೇಳಿತು: ಆ ಪೊಲೀಸರ ಬಳಿ ಲಾಠಿ, ಗುರಾಣಿ, ಜಲಫಿರಂಗಿ, ಅಶ್ರುವಾಯು ಯಾವುದೂ ಯಾಕೆ ಇರಲಿಲ್ಲ? ತುರ್ತುಪರಿಸ್ಥಿತಿ ಜಾರಿಯಲ್ಲಿದ್ದ ಪ್ರಾಂತ, ಗಲಾಟೆ ಆಗಬಹುದು ಎಂದು ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬರಿಯ ಬಂದೂಕು ಕೊಟ್ಟು ಕಳಿಸಿದ್ದೇ ತಪ್ಪು. ಟ್ರಿಗರ್ ಒತ್ತಿದ ಬೆರಳಿನಿಂದ ಉಗ್ರಾಣದವರೆಗೆ ಹೊಣೆಯನ್ನು ಎಳೆದುಕೊಂಡು ಹೋದ ತೀರ್ಪು ಅದು.

ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಆ ಪ್ರಶ್ನೆಯನ್ನು ನಮ್ಮಲ್ಲೂ ಕೇಳಬಹುದಲ್ಲ? ಮುಂಗಾರಿನ ಹೊತ್ತಿಗೆ ಗೊಬ್ಬರದ ಅಂಗಡಿ ಮುಂದೆ ಜನ ಸೇರುತ್ತಾರೆ ಎಂಬುದು ಇದಿಲ್ ಪಟ್ಟಣದ ಗಲಭೆಗಿಂತ ಖಚಿತವಾಗಿ ಹೇಳಬಹುದಾದ ಸಂಗತಿ, ಪಂಚಾಂಗ ನೋಡಿದರೂ ಸಾಕು. ನಮ್ಮ ಒಂದೊಂದು ತಾಲೂಕು ಠಾಣೆಯಲ್ಲಿ ಎಷ್ಟು ಹೆಲ್ಮೆಟ್ ಇವೆ, ಎಷ್ಟು ಗುರಾಣಿ ಇವೆ, ಅವನ್ನು ಹಿಡಿಯಲು ಕಲಿತವರು ಎಷ್ಟು ಜನ? ಈ ಲೆಕ್ಕವನ್ನು ಸದನದ ಮುಂದಿಡಿ. ಹವಾನಾದ 2ನೇ ತತ್ವ ಹೇಳುವುದೂ ಇದನ್ನೇ. ಪೊಲೀಸರಿಗೆ ತಮ್ಮನ್ನು ಕಾಪಾಡಿಕೊಳ್ಳುವ ಸಾಧನ ಕೊಡಿ, ಆಗ ಆಯುಧದ ಅಗತ್ಯ ಕಡಿಮೆಯಾಗುತ್ತದೆ ಅಂತ. ನರಗುಂದದಲ್ಲಿ ಸತ್ತ ಪೊಲೀಸರನ್ನು ಮರೆಯಬಾರದು ಎಂದದ್ದು ಇದಕ್ಕೇ. ತೆಳುವಾದ ಖಾಕಿ ಸಮವಸ್ತ್ರ, ಕೈಯಲ್ಲೊಂದು ಲಾಠಿ, ಹೆಗಲಲ್ಲೊಂದು ಹಳೆಯ ಬಂದೂಕು, ಎದುರಿಗೆ ಕಲ್ಲು. ಆ ಪೇದೆಗೆ ಓಡುವುದು ಇಲ್ಲವೇ ಹೊಡೆಯುವುದು ಬಿಟ್ಟು ಮೂರನೇ ದಾರಿಯನ್ನು ಸರ್ಕಾರ ಕೊಟ್ಟಿರುವುದಿಲ್ಲ. ಅವನೂ ನಮ್ಮ ನಿಮ್ಮಂಥ ರೈತರ ಮನೆಯ ಹುಡುಗನೇ.

ಇನ್ನು ನಮ್ಮದೇ ಕಾನೂನು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ವಸಾಹತು ಕಾಲದ ಕಾನೂನು ತೊಲಗಿತು ಎಂದು ಡಂಗುರ ಸಾರಿದರು. ನಾನು ಕುತೂಹಲದಿಂದ ಹಳೆಯ 129ನೇ ಕಲಮನ್ನೂ ಹೊಸ 148ನೇ ಕಲಮನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಸಂಖ್ಯೆ ಬದಲಾಗಿದೆ. ಐದು ಅಥವಾ ಹೆಚ್ಚು ಜನ ಸೇರಿದ್ದು, ಸಾರ್ವಜನಿಕ ಶಾಂತಿ ಕದಡುವ ಸಂಭವವಿದ್ದರೆ ಚದುರಿ ಎಂದು ಆಜ್ಞೆ ಮಾಡಬಹುದು. ಚದುರದಿದ್ದರೆ ಬಲವಂತವಾಗಿ ಚದುರಿಸಬಹುದು. ಬಲ ಎಂದರೆ ಎಷ್ಟು ಬಲ, ಬಂದೂಕು ಅದರೊಳಗೆ ಬರುತ್ತದೆಯೇ, ಬರುವುದಾದರೆ ಯಾವ ಘಳಿಗೆಯಲ್ಲಿ, ಒಂದಕ್ಷರ ಇಲ್ಲ. ಬೇಕಾದರೆ 1898ರ ಬ್ರಿಟಿಷರ ಸಂಹಿತೆಯ 127, 128ನೇ ಕಲಂ ತೆಗೆದು ನೋಡಿ, ನಂಟು ಗೊತ್ತಾಗುತ್ತದೆ. 1919ರಲ್ಲಿ ಜಲಿಯನ್‌ವಾಲಾ ಬಾಗ್ ನಡೆದಾಗ ಪುಸ್ತಕದಲ್ಲಿದ್ದದ್ದು ಆ ಕಾನೂನೇ. ಅದರ ತನಿಖೆ ಮಾಡಿದ ಹಂಟರ್ ಸಮಿತಿಯ ಮುಂದೆ, ಅಲ್ಲಿ ಗುಂಡು ಹಾರಿಸಲು ಹೇಳಿದ ಡಯರ್ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ: ಗುಂಡು ಹಾರಿಸದೆಯೂ ಗುಂಪನ್ನು ಚದುರಿಸಬಹುದಿತ್ತೇನೋ, ಆದರೆ ಅವರು ಮತ್ತೆ ಬಂದು ನಗುತ್ತಿದ್ದರು. ನಮ್ಮ ನೆಲದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಬ್ರಿಟಿಷರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಮಾದರಿ ಸಂಸ್ಥಾನ ಎನಿಸಿಕೊಂಡ ಮೈಸೂರು. ಆದ್ದರಿಂದ ದೋಷವನ್ನೆಲ್ಲ ಪರಂಗಿಯವರ ತಲೆಗೆ ಕಟ್ಟುವುದೂ ಬೇಡ.

ನಿಮ್ಮ ಅಧಿಕಾರಿಗಳು ಹೇಳಬಹುದು, ಹವಾನಾದಲ್ಲಿ ಒಪ್ಪಿದ್ದು ತತ್ವ, ಅದು ಒಪ್ಪಂದವಲ್ಲ, ನಮಗೆ ಕಡ್ಡಾಯವಲ್ಲ ಎಂದು. ಅರ್ಧ ಸರಿ. ಹವಾನಾ ಒಪ್ಪಂದವಲ್ಲ. ಆದರೆ 6ನೇ ವಿಧಿ ಒಪ್ಪಂದ, ಅದನ್ನು ಓದುವ ಅಳತೆಗೋಲು ಹವಾನಾ. ಇನ್ನೊಂದು, ನಮ್ಮ ಸಂಸತ್ತೇ ಮಾಡಿದ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆಯಲ್ಲ, ಅದರ 2ನೇ ಕಲಮಿನಲ್ಲಿ ಮಾನವ ಹಕ್ಕು ಎಂಬುದಕ್ಕೆ ಕೊಟ್ಟ ಅರ್ಥದೊಳಗೆ ಈ ಒಡಂಬಡಿಕೆಯಲ್ಲಿ ಸೇರಿದ, ಭಾರತದ ಕೋರ್ಟುಗಳು ಜಾರಿಮಾಡಬಲ್ಲ ಹಕ್ಕುಗಳೂ ಇವೆ. ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಬೆಳೆಸಲು ಹೇಳುತ್ತದೆ. ನಮ್ಮ ಕಾನೂನು ಮೌನವಾಗಿರುವ ಕಡೆ ಒಪ್ಪಂದಗಳ ನೆರವು ಪಡೆಯಬಹುದು ಎಂದು 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತೋರಿಸಿಕೊಟ್ಟಿದೆ. 148ನೇ ಕಲಮು ಬಂದೂಕಿನ ಬಗ್ಗೆ ಮೌನವಾಗಿದೆ. ನೆರವು ಬೇಕಾದ ಕಡೆ ಅಂದರೆ ಇದೇ.

ಒಡಂಬಡಿಕೆಯ ಪ್ರಕಾರ ಭಾರತ ಆಗಾಗ ಮಾನವ ಹಕ್ಕುಗಳ ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕು. 1997ರಲ್ಲಿ ಒಪ್ಪಿಸಿದ್ದು, ಆಮೇಲೆ ಹೋದದ್ದು 2024ರ ಜುಲೈನಲ್ಲಿ. ಇಪ್ಪತ್ತೇಳು ವರ್ಷ. ನಮ್ಮ ಸೊಸೈಟಿಯ ಆಡಿಟ್ ಇಷ್ಟು ತಡವಾದರೆ ಕಾರ್ಯದರ್ಶಿಯನ್ನು ಮನೆಗೆ ಕಳಿಸುತ್ತಾರೆ.

ಬಂದೂಕಿನ ಮಾತಷ್ಟೇ ಆಡಿದರೆ ಲಾಠಿ ನಿರಪಾಯಕಾರಿ ಅನ್ನಿಸಿಬಿಡುತ್ತದೆ. 2016ರ ಜುಲೈ ಕೊನೆಯಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ನಮ್ಮ ತಾಲೂಕು ಹೊತ್ತಿ ಉರಿಯಿತು. ಸರ್ಕಾರಿ ಕಚೇರಿಗಳಿಗೆ ಹಾನಿಯಾದದ್ದು ನಿಜ. ಆದರೆ ಅದಾದ ಮೇಲೆ ಯಮನೂರಿನಲ್ಲಿ ಪೊಲೀಸರು ಹೆಣ್ಣುಮಕ್ಕಳನ್ನೂ ಮುದುಕರನ್ನೂ ಹೊಡೆದದ್ದನ್ನು ಇಡೀ ರಾಜ್ಯ ಟೀವಿಯಲ್ಲಿ ನೋಡಿತು. ಕೆಲವರ ಅಮಾನತೂ ಆಯಿತು. ಯಮನೂರಿನ ಓಣಿಯೊಳಗೆ, ಮನೆ ಕಟ್ಟೆಯ ಮೇಲೆ ಚದುರಿಸಲು ಯಾವ ಗುಂಪು ಇತ್ತು? ಅಪಾಯ ಕಳೆದ ಮೇಲೆ ಬೀಳುವ ಏಟಿಗೆ ಕಾನೂನಿನಲ್ಲಿ ಬಲಪ್ರಯೋಗ ಎಂಬ ಹೆಸರೇ ಸಲ್ಲುವುದಿಲ್ಲ, ಅದು ಶಿಕ್ಷೆ. ಕ್ರೂರವಾಗಿ, ಅವಮಾನಕರವಾಗಿ ನಡೆಸಿಕೊಳ್ಳುವುದನ್ನು ಒಡಂಬಡಿಕೆಯ 7ನೇ ವಿಧಿ ನಿಷೇಧಿಸುತ್ತದೆ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಮಾಡಿದೆ, ಅದನ್ನು ಅಂಗೀಕರಿಸುವ ಕೆಲಸ ಇನ್ನೂ ಬಾಕಿ ಇದೆ. ಅದು ದೆಹಲಿಯ ಪಾಲಿನ ಸಾಲ, ನಿಮ್ಮ ಮೇಲೆ ಹೊರಿಸುವುದಿಲ್ಲ.

ನಿಮ್ಮ ಮೇಲೆ ಹೊರಿಸುವುದು ಗುಂಡು ಹಾರಿದ ಮೇಲಿನ ಕಥೆಯನ್ನು.

ಮಂಗಳೂರು, 2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ದಿನ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಸತ್ತವರ ಹೆಸರೇ ಎಫ್‌ಐಆರ್‌ನ ಆರೋಪಿಗಳ ಪಟ್ಟಿಯಲ್ಲಿ ಬಂತು. ಘೋಷಿಸಿದ ಪರಿಹಾರವನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಆ ದಿನಗಳಲ್ಲೇ ಬೆಂಗಳೂರಿನಲ್ಲಿ ಹೇರಿದ್ದ 144ರ ನಿಷೇಧಾಜ್ಞೆ ಕಾನೂನುಬಾಹಿರ ಎಂದು ನಮ್ಮ ಹೈಕೋರ್ಟು 2020ರ ಫೆಬ್ರವರಿಯಲ್ಲಿ ಹೇಳಿತು. ಮಂಗಳೂರಿನಲ್ಲಿ ಯಾರು ಕಲ್ಲು ಹೊಡೆದರು, ಯಾರು ಹೊಡೆಯಲಿಲ್ಲ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಕೆಲವರು ಕಲ್ಲು ಹೊಡೆದರೆ ಪಕ್ಕದಲ್ಲಿ ನಿಂತವನ ಹಕ್ಕು ಹೋಗುವುದಿಲ್ಲ ಎಂದು ಅದೇ 37ನೇ ವ್ಯಾಖ್ಯಾನ ಹೇಳುತ್ತದೆ. ಅನುಮತಿ ಇಲ್ಲದ ಸಭೆ ಎಂಬುದೂ ಗುಂಡಿಗೆ ಕಾರಣವಾಗುವುದಿಲ್ಲ. ನನ್ನ ತಕರಾರು ಇರುವುದು ವಿಚಾರಣೆ ಮುಗಿಯುವ ಮೊದಲೇ ಸರ್ಕಾರ ಯಾರನ್ನು ಆರೋಪಿ ಎಂದು ಕರೆಯಿತು, ಯಾರನ್ನು ಕರೆಯಲಿಲ್ಲ ಎಂಬುದರ ಬಗ್ಗೆ.

ಪಕ್ಕದ ತಮಿಳುನಾಡಿನ ತೂತ್ತುಕುಡಿಯಲ್ಲಿ 2018ರ ಮೇ 22ರಂದು, ಸ್ಟರ್ಲೈಟ್ ತಾಮ್ರದ ಕಾರ್ಖಾನೆ ವಿರುದ್ಧದ ಹೋರಾಟದ ನೂರನೇ ದಿನ, ಗೋಲಿಬಾರ್ ಆಯಿತು. ಒಟ್ಟು ಹದಿಮೂರು ಜನ ಸತ್ತರು. ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ನಾಲ್ಕು ವರ್ಷ ತೆಗೆದುಕೊಂಡು ವರದಿ ಕೊಟ್ಟಿತು. ಪೊಲೀಸರದ್ದು ತಪ್ಪು ಎಂದಿತು, ಹದಿನೇಳು ಪೊಲೀಸರ ಮೇಲೆ ಕ್ರಮ ಶಿಫಾರಸು ಮಾಡಿತು. ವರದಿ ಇಷ್ಟು ನೇರವಾಗಿ ಬರುವುದೇ ಅಪರೂಪ. ಆದರೆ ವರದಿಗೂ ಕಟಕಟೆಗೂ ನಡುವೆ ಒಂದು ಬಾಗಿಲಿದೆ, ಅದರ ಬೀಗದ ಕೈ ಸರ್ಕಾರದ ಸೊಂಟದಲ್ಲಿದೆ. ಗುಂಪು ಚದುರಿಸುವಾಗ ಮಾಡಿದ ಕೃತ್ಯಕ್ಕೆ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಹೊಸ ಸಂಹಿತೆಯ 151ನೇ ಕಲಂ ಪ್ರಕಾರ ಸರ್ಕಾರದ ಮಂಜೂರಾತಿ ಬೇಕು. ಅದು ಸಾಲದೆಂಬಂತೆ ನಮ್ಮ ರಾಜ್ಯದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಎಂಬ ಇನ್ನೊಂದು ಬೀಗ. ಬಂದೂಕು ಕೊಟ್ಟವರು ನೀವು, ಬಂದೋಬಸ್ತಿಗೆ ಕಳಿಸಿದವರು ನೀವು, ಪತ್ರಿಕಾ ಪ್ರಕಟಣೆಯಲ್ಲಿ ಸಮರ್ಥಿಸಿದವರು ನೀವು, ಕೊನೆಗೆ ಮೊಕದ್ದಮೆ ನಡೆಯಬೇಕೋ ಬೇಡವೋ ಎಂದು ಹೇಳುವವರೂ ನೀವೇ. ನನ್ನ ಕಕ್ಷಿದಾರ ಇಂಥ ವ್ಯವಸ್ಥೆ ಕೇಳಿದರೆ ಜಡ್ಜು ನಕ್ಕು ಫೈಲು ವಾಪಸು ಕೊಡುತ್ತಾರೆ.

ಹಾಗಾದರೆ ಏನು ಮಾಡಬೇಕು? 148ನೇ ಕಲಮನ್ನು ನಾಳೆಯೇ ತಿದ್ದಿ ಎಂದು ನಾನು ಕೇಳುತ್ತಿಲ್ಲ, ಅದಕ್ಕೆ ದೆಹಲಿಯ ಒಪ್ಪಿಗೆ ಬೇಕು. ಆದರೆ ಪೊಲೀಸ್ ಎಂಬ ವಿಷಯ ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿದೆ. ಪೊಲೀಸ್ ಕೈಪಿಡಿ ನಿಮ್ಮದು, ಸ್ಥಾಯಿ ಆದೇಶ ನಿಮ್ಮದು, 170ನೇ ಕಲಂ ನಿಮ್ಮ ವಿಧಾನಸಭೆಯದ್ದು. ಗುಂಪು ಚದುರಿಸಲು ಬಂದೂಕು ಬಳಸುವಂತಿಲ್ಲ, ಜೀವ ಉಳಿಸಲು ಮಾತ್ರ ಎಂಬ ಒಂದು ಸಾಲಿನ ಆದೇಶವನ್ನು ಕನ್ನಡದಲ್ಲಿ ಬರೆಸಿ, ಪೇದೆಗೂ ಅರ್ಥವಾಗುವ ಕನ್ನಡದಲ್ಲಿ. ಪ್ರತಿ ಗುಂಡಿಗೂ ಹಾರಿಸಿದವರ ಹೆಸರು, ಹೊತ್ತು, ಜಾಗ, ಆಗ ಎದುರಿಗಿದ್ದ ಅಪಾಯ ಯಾವುದು ಎಂಬ ಬರಹ ಇಪ್ಪತ್ನಾಲ್ಕು ಗಂಟೆಯೊಳಗೆ ಬರಲಿ. ತನಿಖೆ ಅದೇ ಜಿಲ್ಲೆಯ ಪೊಲೀಸರ ಕೈಯಲ್ಲಂತೂ ಬೇಡ. ಮೊಕದ್ದಮೆಗೆ ಮಂಜೂರಾತಿ ಕೊಡಲು ಒಲ್ಲದ ಸರ್ಕಾರ ಯಾಕೆ ಒಲ್ಲೆ ಎಂಬುದನ್ನು ಸತ್ತವರ ಮನೆಯವರಿಗೆ ಬರೆದು ತಿಳಿಸಲಿ. ಮೇಲಿನವರು ಹೇಳಿದರು, ಹೊಡೆದೆ ಎಂಬ ಸಬೂಬು ಎದ್ದುಕಾಣುವ ತಪ್ಪು ಆದೇಶಕ್ಕೆ ನಡೆಯುವುದಿಲ್ಲ ಎಂಬ ಹವಾನಾದ 26ನೇ ತತ್ವವನ್ನು ತರಬೇತಿ ಶಾಲೆಯಲ್ಲಿ ಪೇದೆಗೆ ಕಲಿಸಿ. ಅಂಥ ಆದೇಶ ಕೊಟ್ಟವರೂ ಹೊಣೆ ಎಂದು ಅದೇ ತತ್ವ ಹೇಳುತ್ತದೆ, ಅದನ್ನು ಮೇಲಿನವರಿಗೆ ಕಲಿಸಿ. ಎರಡರಲ್ಲಿ ಯಾವುದು ಕಷ್ಟ ಎಂದು ನಿಮಗೆ ಗೊತ್ತು.

ಪ್ರತಿ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಹಾರ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ. ಹೆಗಲ ಮೇಲೆ ಹಸಿರು ಶಾಲು, ಹಿಂದೆ ಬಂದೂಕು ಹಿಡಿದ ಬಂದೋಬಸ್ತು. ಈ ಸಲ ನೀವು ಬಂದರೆ ಆ ಆದೇಶದ ಒಂದು ಪ್ರತಿ ಜೊತೆಗೆ ತನ್ನಿ. ನಾನು ಪ್ರತಿ ವರ್ಷದಂತೆ ಅಲ್ಲೇ, ವೀರಗಲ್ಲಿನ ಬಲಗಡೆ ನಿಂತಿರುತ್ತೇನೆ. ಬರಲು ಆಗದಿದ್ದರೆ ಅಂಚೆಯಲ್ಲಿ ಕಳಿಸಿದರೂ ಆದೀತು.

ಇಂತಿ,
ನವಲಗುಂದ ತಾಲೂಕಿನ ಒಬ್ಬ ವಕೀಲ